ಕೊಕ್ಕರೆಯ ರೆಕ್ಕೆ

ಹಲ್ಲಿನ ಡಾಕ್ಟರಿಗೆ ಒಂದು ಹುಚ್ಚಿತ್ತು. ಯುದ್ಧಕಾಲದ ವಾಯುಪಡೆಯವರ ಬ್ಯಾಡ್ಜು, ಭುಜದ ಪಟ್ಟಿ, ಹಿತ್ತಾಳೆ ಗುಂಡಿ ಎಲ್ಲಿ ಸಿಕ್ಕರೂ ತಂದು, ಕ್ಲಿನಿಕ್ಕಿನ ಗಾಜಿನ ಕಪಾಟಿನಲ್ಲಿ ನೀಲಿ ಬಟ್ಟೆ ಹಾಸಿ ಜೋಡಿಸುತ್ತಿದ್ದರು. ಸರದಿಗಾಗಿ ಕಾಯುವವರು ಕೆನ್ನೆ ಹಿಡಿದುಕೊಂಡೇ ಅದನ್ನು ನೋಡುತ್ತ ಕೂರುತ್ತಿದ್ದರು. “ಇರೋರ ಹಲ್ಲು ಕೀಳೋದು, ಇಲ್ಲದವರ ಗುಂಡಿ ಕೂಡಿಡೋದು. ಒಳ್ಳೆಯವರನ್ನ ಕಟ್ಕೊಂಡೆ” ಎಂದು ಹೆಂಡತಿ ಛೇಡಿಸುವುದಿತ್ತು.

ಒಮ್ಮೆ ಹಲ್ಲಿನ ಸೆಟ್ಟಿನ ಅಳತೆ ಕೊಡಲು ಬಂದ ನಿವೃತ್ತ ಟೀಚರಮ್ಮ ಕಪಾಟಿನ ಮುಂದೆ ನಿಂತುಬಿಟ್ಟರು. ಯುದ್ಧದ ಹೊತ್ತಿಗೆ ತಮ್ಮ ಅಣ್ಣ ವಿಮಾನದಲ್ಲಿ ನ್ಯಾವಿಗೇಟರ್ ಆಗಿದ್ದರೆಂದೂ, ನಕ್ಷೆ ನೋಡಿ ಪೈಲಟ್‌ಗೆ ದಾರಿ ಹೇಳುವ ಕೆಲಸ ಅವರದೆಂದೂ ಹೇಳಿದರು. ಇಂಥವೇ ಸಾಮಾನು ತುಂಬಿದ ಬಿಸ್ಕತ್ತಿನ ಡಬ್ಬಿಯೊಂದು ಮನೆಯ ಅಟ್ಟದ ಮೇಲಿತ್ತು. ಅಣ್ಣ ಅದನ್ನು ತೆರೆಯುವವರೂ ಅಲ್ಲ, ಎಸೆಯಲು ಬಿಡುವವರೂ ಅಲ್ಲ. ಅಂಥವರು, ತಂಗಿ ಮನೆಗೆ ಹೋಗಿ ಕಪಾಟಿನ ವಿಷಯ ಹೇಳಿದಾಗ ಏನೆನ್ನಿಸಿತೋ, ಡಾಕ್ಟರಿಗೆ ಕೊಟ್ಟುಬಿಡು ಎಂದರಂತೆ.

ಡಬ್ಬಿ ಬಂದ ದಿನ ಡಾಕ್ಟರಿಗೆ ಊಟವೂ ಬೇಡವಾಯಿತು. ಟೋಪಿಯ ಲಾಂಛನ, ಗಾಜು ಬಿರುಕುಬಿಟ್ಟ ದಿಕ್ಸೂಚಿ, ರೇಷ್ಮೆಯ ಮೇಲೆ ಅಚ್ಚಾದ ನಕ್ಷೆ. ತಳದಲ್ಲಿ ಬಟ್ಟೆಯ ಎರಡು ಬ್ಯಾಡ್ಜು. ಒಂದರಲ್ಲಿ ಒಂಟಿ ರೆಕ್ಕೆ, ಅದು ನ್ಯಾವಿಗೇಟರನದು. ಇನ್ನೊಂದರಲ್ಲಿ ಜೋಡಿ ರೆಕ್ಕೆ, ಅದು ಪೈಲಟ್‌ನದು. ಅದರ ಅಂಚಿನಲ್ಲಿ ಅರ್ಧ ಹಾಕಿದ ಹೊಲಿಗೆಯ ದಾರ ಜೋತಾಡುತ್ತಿತ್ತು. ಇಷ್ಟು ಚೆನ್ನಾಗಿ ಉಳಿದಿದ್ದ ಜೋಡಿ ರೆಕ್ಕೆ ಅವರ ಬಳಿ ಇರಲಿಲ್ಲ. ಕಪಾಟಿನ ನಟ್ಟನಡುವೆ ಜಾಗ ಮಾಡಿದರು. ಆದರೆ ಕೆಳಗೆ ಯಾರ ಹೆಸರು ಬರೆಯುವುದು? ಕೇಳಿಯೇ ಬಿಡೋಣವೆಂದು ಭಾನುವಾರ ಟೀಚರಮ್ಮನ ಮನೆಗೆ ಹೋದರು.

ಅಣ್ಣ ವರಾಂಡದಲ್ಲಿ ಬಟಾಣಿ ಸುಲಿಯುತ್ತಿದ್ದರು. ಎಂಬತ್ತು ದಾಟಿದ ಜೀವ, ಎಡಗಿವಿ ಪೂರ್ತಿ ಕೇಳದು. ಡಾಕ್ಟರು ಬಲಗಡೆ ಕುರ್ಚಿ ಎಳೆದುಕೊಂಡು ಬ್ಯಾಡ್ಜನ್ನು ತೋರಿಸಿದರು. ಮುದುಕರು ಸುಲಿಯುವುದನ್ನು ಬಿಟ್ಟು, ಜೋತಾಡುತ್ತಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡರು.

“ಅದು ಕೊಕ್ಕರೇದು” ಎಂದರು.

ಕೊಕ್ಕರೆ ಅವರ ಪೈಲಟ್. ಉದ್ದ ಕಾಲು ಮಡಚಿಕೊಂಡು ಸೀಟಿನಲ್ಲಿ ಕೂರುವುದನ್ನು ನೋಡಿ ಗೆಳೆಯರೇ ಇಟ್ಟ ಹೆಸರು. ಅಂದು ಬೆಳಿಗ್ಗೆ ಅವನ ಕೋಟಿನ ಬ್ಯಾಡ್ಜು ಕಿತ್ತುಬಂದಿತ್ತು. ಕಿವಿ ಸೋರುತ್ತಿದ್ದುದರಿಂದ ಇವರಿಗೆ ಹಾರಾಟ ಬೇಡವೆಂದು ಸೇನೆಯ ವೈದ್ಯರು ಹೇಳಿದ್ದರು. ಕೊಕ್ಕರೆ ಬ್ಯಾಡ್ಜನ್ನು ಇವರ ಮಡಿಲಿಗೆಸೆದು, ಸುಮ್ಮನೆ ಕೂತಿರೋ ಬದಲು ಇದರ ಅಂಚು ಸರಿಮಾಡಿಡು, ಬಂದು ಹಾಕ್ಕೋತೀನಿ ಎಂದು ನಗುತ್ತ ಹೋದನಂತೆ. ಇವರ ಜಾಗದಲ್ಲಿ ಬೇರೊಬ್ಬ ನ್ಯಾವಿಗೇಟರ್ ಹತ್ತಿದ. ವಿಮಾನ ಮರಳಲಿಲ್ಲ. ಕೊಕ್ಕರೆ ಬಿಟ್ಟುಹೋಗಿದ್ದ ಪೆಟ್ಟಿಗೆ, ಕೋಟು ಅವನ ಮನೆ ಸೇರಿದವು. ಬ್ಯಾಡ್ಜು ಇವರ ಜೇಬಿನಲ್ಲೇ ಉಳಿಯಿತು.

“ಕೊಡೋಣ ಅಂತ ಎರಡು ಸಲ ಅವರ ಬೀದಿ ತುದಿವರೆಗೂ ಹೋಗಿದ್ದೆ ಡಾಕ್ಟ್ರೇ. ಹೆಂಡತಿ ಬಸುರಿ ಅಂತ ಗೊತ್ತಿತ್ತು. ನಾನು ಉಳಿದೆ, ನಿಮ್ಮವರು ಹೋದ್ರು ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಡಾಕ್ಟರಿಗೆ ಕಪಾಟಿನ ಖಾಲಿ ಜಾಗ ಕಣ್ಣೆದುರು ಬಂತು. ಆದರೂ, ನನ್ನ ಕಾರಿದೆ, ಹೋಗಿಬರೋಣ ಎಂದುಬಿಟ್ಟರು.

ಮೂರನೆಯ ಸಲ ಆ ಬೀದಿಗೆ ಹೋದಾಗ ಕೊಕ್ಕರೆಯ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಅದೇ ಮನೆಯ ಮುಂಭಾಗದಲ್ಲಿ ಮಗಳು ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಅಪ್ಪನದೇ ಎತ್ತರ. ಮುದುಕರು ಅವಳನ್ನೇ ನೋಡುತ್ತ ಬಾಗಿಲಲ್ಲಿ ನಿಂತುಬಿಟ್ಟರು. ಇವರು ನಿಮ್ಮಪ್ಪನ ನ್ಯಾವಿಗೇಟರ್ ಎಂದಷ್ಟೇ ಡಾಕ್ಟರು ತಿಳಿಸಿ ಬ್ಯಾಡ್ಜನ್ನು ಕೌಂಟರಿನ ಮೇಲಿಟ್ಟರು.

ಅವಳು ಅದನ್ನು ಮುಟ್ಟಲಿಲ್ಲ. ಯಂತ್ರ ಆರಿಸಿ, ಅರ್ಧ ಬಾಗಿಲು ಎಳೆದು, ಒಳಗೆ ಹೋಗಿ ಟ್ರಂಕಿನಿಂದ ಕೋಟು ತಂದಳು. ಎಡ ಜೇಬಿನ ಮೇಲೆ ರೆಕ್ಕೆಯಾಕಾರದ ಗಾಢ ಕಲೆ, ಸುತ್ತ ಕಿತ್ತ ದಾರದ ತುಣುಕು.

“ಅಪ್ಪನ ತಪ್ಪಿನಿಂದ ವಿಮಾನ ಬಿತ್ತು, ಅದಕ್ಕೇ ರೆಕ್ಕೆ ಕಿತ್ಕೊಂಡು ಕೋಟು ಕಳಿಸಿದ್ರು. ನಮ್ಮ ತಾತ ಹಾಗೇ ಅಂದ್ಕೊಂಡ್ರು, ಹಾಗೇ ಹೋದ್ರು. ಅಮ್ಮ ಇದನ್ನ ಒಂದು ದಿನಾನೂ ಬಿಸಿಲಿಗೆ ಹಾಕ್ಲಿಲ್ಲ, ಯಾರಾದ್ರೂ ನೋಡ್ತಾರೆ ಅಂತ.” ಅವಳು ಮುದುಕರತ್ತ ತಿರುಗಿದಳು. “ಇಷ್ಟು ವರ್ಷ ಎಲ್ಲಿದ್ರಿ ನೀವು?”

ತಾವು ಬ್ಯಾಡ್ಜು ತಲುಪಿಸದೆ ಇದ್ದುದಕ್ಕೆ ಈ ಮನೆ ಇಷ್ಟು ವರ್ಷ ಅವಮಾನ ಹೊತ್ತಿತ್ತೆಂದು ಮುದುಕರಿಗೆ ಆಗ ತಿಳಿಯಿತು. “ಹೆದರಿಕೊಂಡಿದ್ದೆ ಕಣಮ್ಮ” ಎಂದರು. “ಯಾರೂ ಕಿತ್ಕೊಳ್ಲಿಲ್ಲ. ಹೊಲಿಯೋಕೆ ಅಂತ ನನಗೆ ಕೊಟ್ಟು ಹೋಗಿದ್ದ. ಅವನಂಥ ಪೈಲಟ್‌ನ ನಾನು ನೋಡಿಲ್ಲ. ತಪ್ಪು ನಂದು.”

ಬೈಗುಳಕ್ಕೆ ಸಿದ್ಧರಾಗಿ ಅವರು ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ; ಕ್ಷಮಿಸಿದೆನೆಂದೂ ಹೇಳಲಿಲ್ಲ. ಸ್ಟೂಲನ್ನು ಅವರತ್ತ ತಳ್ಳಿ ತಾನು ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಭುಜ ಅಲುಗತೊಡಗಿತು. ಡಾಕ್ಟರು ಗೋಡೆಗೆ ಅಂಟಿಸಿದ್ದ ದರಪಟ್ಟಿ ಓದುತ್ತ ನಿಂತರು.

ಕಣ್ಣೊರೆಸಿಕೊಂಡ ಮೇಲೆ ಅವಳು ಒಂದೊಂದಾಗಿ ಕೇಳತೊಡಗಿದಳು. ಅಪ್ಪ ಜೋರಾಗಿ ನಗ್ತಿದ್ರಾ, ಹಾಡ್ತಿದ್ರಾ, ನಾನು ಹುಟ್ಟೋದು ಗೊತ್ತಿತ್ತಾ. ಗೊತ್ತಿತ್ತು, ಹೆಣ್ಣೇ ಆಗ್ಲಿ ಅಂತಿದ್ದ ಎಂದರು ಮುದುಕರು. ಹಾಡು ಮಾತ್ರ ದೇವರಿಗೇ ಪ್ರೀತಿ, ಇಂಜಿನ್ನಿನ ಸದ್ದೇ ವಾಸಿ ಅನ್ನಿಸ್ತಿತ್ತು ಎಂದಾಗ ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಹೊರಗೆ ಯಾರೋ ಜೆರಾಕ್ಸಿಗೆ ಬಂದು ಬಾಗಿಲು ಬಡಿದು ಹೋದರು.

ಸಂಜೆ ಅವರು ಏಳುವಾಗ ಅವಳೂ ಎದ್ದಳು.

“ಸೋದರತ್ತೆ ಒಬ್ಬರು ಇನ್ನೂ ಇದ್ದಾರೆ, ಅಪ್ಪನ ಅಕ್ಕ. ತಮ್ಮನ ಹೆಸರೇ ಎತ್ತೋದಿಲ್ಲ ಅವರು. ಅವರಿಗೂ ನೀವೇ ಹೇಳ್ಬೇಕು, ನಾನು ಹೇಳಿದ್ರೆ ನಂಬಲ್ಲ.”

“ಯಾವತ್ತು ಹೋಗೋಣಮ್ಮ?” ಎಂದು ಮುದುಕರು ಕೇಳಿದರು.

ಇಲ್ಲಿಂದ ಅರ್ಧ ಗಂಟೆ ದಾರಿ ಎಂದಳು ಅವಳು. ಡಾಕ್ಟರು ಹೆಂಡತಿಗೆ ಫೋನ್ ಮಾಡಿ, ಊಟಕ್ಕೆ ಕಾಯಬೇಡವೆಂದು ಹೇಳಿ, ಕಾರಿನ ಹಿಂದಿನ ಸೀಟು ಖಾಲಿ ಮಾಡಿದರು.