ಊರಿಗೊಂದೇ ಹೆಸರು

ಕಬ್ಬು ಪೂರ್ತಿ ಒಂದೇ ಕಡೆಗೆ ಮಲಗಿದೆ, ನೀರು ಹೋದ ದಿಕ್ಕಿಗೆ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ, ಮೇಲೆ ಕೆಸರು ಒಣಗಿ ಬೂದಿಬಣ್ಣ, ಬಸ್ಸಿನ ಕಿಟಕಿ ಎಷ್ಟು ಎಳೆದರೂ ಮುಚ್ಚುತ್ತಿಲ್ಲ, ವಾಸನೆ ಒಳಗೆ ಬರುತ್ತಿದೆ, ಕೊಳೆತ ಮೇವಿನದು, ಅದರೊಳಗೆ ಇನ್ನೊಂದು ವಾಸನೆ, ಅದು ಯಾವುದರದೆಂದು ಯೋಚಿಸಬಾರದು ಅಂದುಕೊಂಡಳು ಪೂನಮ್, ಅಂದುಕೊಂಡ ಕೂಡಲೇ ಯೋಚಿಸಿದಳು — ಕುರಿಗಳದು, ಇನ್ನೂ ಎಲ್ಲೋ ಕಬ್ಬಿನ ಬುಡದಲ್ಲಿ ಸಿಕ್ಕಿಕೊಂಡಿರಬೇಕು. ಪಕ್ಕದ ಸೀಟಿನ ಮುದುಕಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಯಾವೂರವ್ವಾ ನಿಂದು ಎಂದು ಕೇಳಿದಳು, ಊರಿನ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು, ತುಬಚಿ ಅಂದುಬಿಟ್ಟಳು, ಸುಳ್ಳು, ತುಬಚಿಗೆ ಅವಳು ಹೋಗುತ್ತಿಲ್ಲ, ಅದಕ್ಕೂ ಮೊದಲೇ ಇಳಿಯುವವಳು, ಹಂಗಾರ ಆ ನೀರು ಹೊಕ್ಕ ಊರು ದಾಟೇ ಹೋಗಬೇಕಲ್ಲ, ಅಲ್ಲಿ ಒಬ್ಬಂವ ಫೋನಿನ್ಯಾಗ ತನಗಷ್ಟ ಸುದ್ದಿ ತರಿಸ್ಕೊಂಡು ತನ್ನ ಕುರಿ ಹೊಡಕೊಂಡು ಹ್ವಾದನಂತ, ಮಂದೀವು ಮುಳುಗಿದರ ಮುಳುಗಲಿ ಅಂತ ಸುಮ್ಮ ಕುಂತನಂತ, ಎಂಥಾ ಮನಿಶ್ಯಾರವ್ವಾ ಅಂದಳು ಮುದುಕಿ — ಹೌದೇನಬೇ ಅಂದಳು ಪೂನಮ್, ಅಷ್ಟೇ ಅಂದಳು. ಆ ಒಬ್ಬಂವ ಅವಳ ಅಪ್ಪ. ಅಮಸಿದ್ದಪ್ಪ. ನಮ್ಮಪ್ಪ ಹಂಗಲ್ಲ ಅನ್ನಬಹುದಿತ್ತು, ಬಾಯಿ ಇತ್ತು, ಉಸಿರು ಇತ್ತು, ಮುದುಕಿ ಉತ್ತರಕ್ಕೆಂದು ಮುಖ ನೋಡುತ್ತಲೂ ಇದ್ದಳು, ಆದರೆ ಅಪ್ಪನಲ್ಲ ಎಂದರೆ ಮತ್ತ್ಯಾರು ಎನ್ನುವ ಪ್ರಶ್ನೆ ಬರುತ್ತದೆ, ಅದಕ್ಕೆ ಅವಳು ಕಿಟಕಿಯ ಕಡೆ ತಿರುಗಿ ಮಲಗಿದ ಕಬ್ಬನ್ನೇ ನೋಡಿದಳು.

ಒಂದು ಪದ. ಕೂಡಿಸಿ ಕಳೆದರೆ ಒಂದೇ ಒಂದು ಪದ. ಜಮಖಂಡಿಯ ಬಟ್ಟೆ ಅಂಗಡಿಯ ಮೇಲಿನ ಆಫೀಸು, ಗುರುರಾಜ ಸರ್ ಅವರದು, ಎರಡು ಕೋಣೆ, ಬ್ಯಾಟರಿಯ ಗುಂಯ್ ಸದ್ದು, ಅಲ್ಲಿ ಕೂತು ಬೇಸಿಗೆಯಲ್ಲಿ ಬರೆದದ್ದು, ನದಿ ದಂಡೆಯ ರೈತರ ಸಂಘವೊಂದು ಹೇಳಿ ಮಾಡಿಸಿದ ವೆಬ್‌ಸೈಟು — ಮೇಲೆ ಎಲ್ಲಿಯಾದರೂ ಅಣೆಕಟ್ಟಿನ ನೀರು ಬಿಟ್ಟ ಸುದ್ದಿ ಬಂದರೆ ಸಂಘದವರು ಊರಿನ ಹೆಸರು ಒತ್ತಬೇಕು, ಆ ಊರಿನವರೆಲ್ಲರ ಫೋನಿಗೆ ಮೆಸೇಜು ಹೋಗಬೇಕು, ಇಷ್ಟೇ ಕೆಲಸ. ಎಲ್ಲರ ಹೆಸರು, ನಂಬರು ಡೇಟಾಬೇಸಿನಲ್ಲಿ, ಒಬ್ಬೊಬ್ಬರದು ಒಂದೊಂದು ಸಾಲು. ಆ ಸಾಲುಗಳನ್ನು ಕರೆಯಲು ಸೈಟು ಕಟ್ಟುವ ಫ್ರೇಮ್‌ವರ್ಕಿನಲ್ಲಿ ಎರಡು ಮಾತುಗಳಿವೆ, ‘ರೋ’ ಅಂದರೆ ಒಂದು ಸಾಲು ಬರುತ್ತದೆ, ‘ರಿಸಲ್ಟ್’ ಅಂದರೆ ಸಿಕ್ಕಷ್ಟೂ ಸಾಲು ಬರುತ್ತವೆ, ಕಾಲೇಜಿನಿಂದ ಹೊಸದಾಗಿ ಬಂದವರಿಗೆ ಇದನ್ನು ಮೊದಲ ವಾರವೇ ಹೇಳಿಕೊಡುತ್ತಾರೆ, ಅವಳೇ ಹೇಳಿಕೊಟ್ಟಿದ್ದಾಳೆ, ನೋಡ್ರಿ, ನೂರು ಮಂದಿ ಸಾಲಾಗಿ ನಿಂತಿದ್ದರೂ ರೋ ಅಂದರೆ ಮುಂದೆ ನಿಂತವನೊಬ್ಬ ಬರುತ್ತಾನೆ, ಹಿಂದಿನವರು ಇದ್ದಾರೆ ಅಂತ ಅದು ಹೇಳುವುದೂ ಇಲ್ಲ, ತಪ್ಪು ಅಂತ ಕೂಗುವುದೂ ಇಲ್ಲ. ಹಾಗೆ ಹೇಳಿ ನಕ್ಕಿದ್ದಳು. ಒಬ್ಬ ರೈತನ ವಿವರ ತೋರಿಸುವ ಪುಟ ಮೊದಲು ಬರೆದಳು, ಅದಕ್ಕೆ ರೋ ಸರಿಯೇ, ಒಬ್ಬನೇ ತಾನೆ, ಆಮೇಲೆ ಮೆಸೇಜಿನ ಪುಟಕ್ಕೆ ಅದನ್ನೇ ನಕಲು ಮಾಡಿ ಅಲ್ಲಲ್ಲಿ ಹೆಸರು ಬದಲಿಸಿದಳು, ಸಂಜೆಯಾಗಿತ್ತು, ಊರ ಬಸ್ಸು ತಪ್ಪುತ್ತದೆಂಬ ಅವಸರ, ಆ ಒಂದು ಪದ ಹಾಗೇ ಉಳಿಯಿತು. ಪರೀಕ್ಷೆಗೆಂದು ಊರಿಗೊಂದು ಹೆಸರು ಹಾಕಿದ್ದಳು, ಬೀಳಗಿ ಕಡೆಯ ಒಂದು ಊರಿಗೆ ಗೆಳತಿಯ ನಂಬರು, ಮುಧೋಳದ ಕಡೆ ಗುರುರಾಜ ಸರ್ ಸೋದರಮಾವನದು, ತನ್ನ ಊರಿಗೆ — ಮತ್ತ್ಯಾರದು ಹಾಕುತ್ತಾಳೆ, ಅಪ್ಪನದು. ಒತ್ತಿದಳು, ಎಲ್ಲರ ಫೋನೂ ಸದ್ದು ಮಾಡಿದವು. ಊರಿಗೊಂದೇ ಹೆಸರಿದ್ದಾಗ ಒಂದು ಸಾಲು ಕರೆದರೇನು, ಎಲ್ಲ ಸಾಲು ಕರೆದರೇನು, ಎರಡೂ ಒಂದೇ. ಶಾಬಾಸ್ ಪೂನಮ್, ಕೆಲಸ ಅಂದ್ರ ಹಿಂಗಿರಬೇಕ್ರಿ ಅಂದಿದ್ದರು ಸರ್, ಆ ಶಾಬಾಸು ಹೊತ್ತುಕೊಂಡೇ ಊರಿಗೆ ಹೋಗಿದ್ದಳು, ಬೀರೇಶ್ವರ ಗುಡಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆಗೆದು ಕೂತಿದ್ದಳು, ಊರಿನ ಹೆಣ್ಣುಮಗಳು, ಕುರಿ ಅಮಸಿದ್ದಪ್ಪನ ಮಗಳು, ಸುತ್ತ ಮಂದಿ — ಎಷ್ಟು ನೆಟ್ಟಗೆ ಕೂತಿದ್ದಳು ಆವತ್ತು, ಈಗ ನೆನೆದರೆ ಆ ಬೆನ್ನನ್ನು ಮುರಿದು ಕೆಳಗೆ ಹಾಕಬೇಕು ಅನಿಸುತ್ತದೆ.

ಒಬ್ಬೊಬ್ಬರ ಹೆಸರೂ ಅವಳೇ ಒತ್ತಿದ್ದು. ಬಸಗೊಂಡಪ್ಪ, ಊರಿನ ಹಿರಿಯ, ನಂಬರು ಮರೆತು ಮೊಮ್ಮಗನನ್ನು ಕೂಗಿದ. ಅನಸವ್ವ, ನನ್ನ ಹೆಸರ ಚಂದಾಗಿ ಬರಿಯವ್ವಾ, ರೇಷನ್ ಕಾರ್ಡಿನ್ಯಾಗ ಕೆಡಿಸ್ಯಾರ ಅಂದಳು. ಕೊನೆಗೆ ಹಾಲಸಿದ್ದಪ್ಪ ಕಾಕಾ, ಅಪ್ಪನ ಜೋಡಿಯವನು, ಮದುವೆಗಿಂತ ಮೊದಲಿನಿಂದ ಇಬ್ಬರೂ ಒಂದೇ ಕಡೆ ಕುರಿ ಮೇಯಿಸಿದವರು, ನೀರು ಬರುವ ಸುದ್ದಿ ಸಿಕ್ಕರೆ ಊರಿಗೆಲ್ಲ ಕೂಗುವವನು ಅವನೇ, ಗುಡಿಯ ದಿಬ್ಬ ಹತ್ತಿ ಕಿವಿಯ ಮೇಲೆ ಕೈ ಇಟ್ಟು ನೀರ ಬಂತ್ರೋ ಅಂತ ಒಂದು ಸಲ ಎಳೆದನೆಂದರೆ ಹೊಳೆಯ ಆಚೆ ದಂಡೆಯ ನಾಯಿಗಳೂ ಬೊಗಳುತ್ತಿದ್ದವು. ಅವನ ಹತ್ತಿರ ಫೋನಿರಲಿಲ್ಲ. ನನಗ್ಯಾಕ ಬೇ ಅದು, ನನ್ನ ಗಂಟಲ ಐತಲ್ಲ ಅಂದ. ಆಗ ಅವಳು — ಇದನ್ನು ನೆನೆಯಬಾರದು, ಬಸ್ಸು ಕುಣಿಯಲ್ಲಿ ಇಳಿದು ಎದ್ದಿತು, ಮುದುಕಿ ಅಯ್ಯ ಅಂದಳು, ನೆನೆದೇ ಬಿಟ್ಟಳು — ಕಾಕಾ, ಇನ್ನ ನೀ ಕೂಗೂದು ಬ್ಯಾಡ, ವಯಸ್ಸಾತು, ಯಾರೂ ಯಾರಿಗೂ ಹೇಳೂದು ಬ್ಯಾಡ, ಎಲ್ಲಾರಿಗೂ ಒಮ್ಮೆಕ್ಕಲೇ ಬರತೈತಿ ಅಂದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ಹಾಲಸಿದ್ದಪ್ಪ ಈಗ ರಿಟೈರ್ಡ್ ಆದ ನೋಡ್ರಿ, ಅವನೂ ನಕ್ಕ, ಮುಂದಿನ ಸಂತೆಗೆ ಬನಹಟ್ಟಿಗೆ ಹೋಗಿ ಒಂದು ಫೋನು ಕೊಂಡು ತಂದ, ಅವಳಿಗೆ ನಂಬರು ಕೊಡುವುದಕ್ಕೆಂದೇ ಕೊಂಡ, ಅವಳು ಒತ್ತಿದಳು, ಊರಿನ ಕೊನೆಯ ಸಾಲು ಅವನದು.

ಮಳೆಗಾಲ ಬಂತು, ಮೇಲೆ ನೀರು ಬಿಟ್ಟ ದಿನ ಮೆಸೇಜು ಹೋದದ್ದು ಮಧ್ಯಾಹ್ನ. ಅಪ್ಪನ ಫೋನಿಗೆ ಬಂದದ್ದನ್ನು ತಮ್ಮ ಗುರುಪಾದ ಓದಿ ಹೇಳಿದ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಅಪ್ಪ ಎದ್ದು ಕುರಿಗಳನ್ನು ಹೊಳೆಸಾಲಿನಿಂದ ದಿಬ್ಬಕ್ಕೆ ಹೊಡೆದುಕೊಂಡು ಬಂದ, ಹಾಲಸಿದ್ದಪ್ಪ ಇನ್ನೂ ಕೆಳಗೇ ಅದಾನಲ್ಲೋ ಅಂದನಂತೆ, ಗುರುಪಾದ ಎಲ್ಲಾರಿಗೂ ಬಂದಿರತೈತಪಾ, ಅಕ್ಕ ಹೇಳ್ಯಾಳಲ್ಲ, ಬರತಾನ ಅಂದನಂತೆ. ಅಕ್ಕ ಹೇಳ್ಯಾಳಲ್ಲ. ಹೊತ್ತು ಮುಳುಗುವ ಮುಂಚೆ ನೀರು ಏರಿತು. ಆವತ್ತು ಸಂಜೆ ಅವಳು ಆಫೀಸಿನಿಂದ ಫೋನು ಮಾಡಿದಾಗ ಗುರುಪಾದ ಅಕ್ಕಾ ನಮ್ಮ ಕುರಿ ಎಲ್ಲಾ ಉಳದಾವು ಅಂದ, ಅವಳು ನಕ್ಕಳು, ಗಟ್ಟಿಯಾಗಿ ನಕ್ಕಳು, ಸರ್ ನಮ್ಮ ಸೈಟು ಕೆಲಸ ಮಾಡಿತು ಸರ್ ಅಂತ ಕೋಣೆಯಿಂದ ಕೋಣೆಗೆ ಓಡಿದಳು, ಫೋನು ಕೈಯಲ್ಲೇ ಇತ್ತು, ಆ ಕಡೆಯಿಂದ ಗುರುಪಾದ ಅಕ್ಕಾ ಕೇಳಿಲ್ಲಿ, ಅಕ್ಕಾ ಅನ್ನುತ್ತಲೇ ಇದ್ದ, ಉಳಿದವರದು ಏನಾಯಿತು ಅಂತ ಅವಳು ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೇ ಇಲ್ಲ, ಹಾಲಸಿದ್ದಪ್ಪನ ಕುರಿಹಟ್ಟಿ ಪೂರ್ತಿ ಹೋಗಿತ್ತು, ಅವನು ಮಾತ್ರ ಜಾಲಿಮರಕ್ಕೆ ಕಂಬಳಿಯಿಂದ ತನ್ನನ್ನು ಕಟ್ಟಿಕೊಂಡು ಉಳಿದಿದ್ದ, ಅನಸವ್ವನ ಆಡು, ಮರಿ, ಬಸಗೊಂಡಪ್ಪನ ಎತ್ತು ಕೊಚ್ಚಿಹೋಗಿದ್ದವು — ಅವಳು ನಗುತ್ತಿದ್ದಳು. ತಪ್ಪು ಬರೆದದ್ದಕ್ಕೆ ಬೇಕಾದರೆ ಅವಸರ ಅನ್ನಬಹುದು, ಆ ನಗುವಿಗೆ ಏನನ್ನುವುದು.

ಮರುದಿನ ಬೆಳಿಗ್ಗೆ ಕಂಪ್ಯೂಟರು ತೆಗೆದು ನೋಡಿದಳು, ಊರಿಗೊಂದೇ ಮೆಸೇಜು ಹೋಗಿದೆ, ಬೇರೆ ಊರುಗಳಲ್ಲಿ ಮೆಸೇಜು ಬಂದವರು ಬರದವರಿಗೆ ಬಾಯಲ್ಲಿ ಹೇಳಿದ್ದರು, ಅಥವಾ ನೀರು ಅಷ್ಟು ಏರಲಿಲ್ಲ, ತನ್ನ ಊರಲ್ಲಿ ಮಾತ್ರ ಯಾರೂ ಯಾರಿಗೂ ಹೇಳಲಿಲ್ಲ, ಹೇಳುವುದು ಬೇಡ ಎಂದು ಅವಳೇ ಹೇಳಿದ್ದಳಲ್ಲ. ಕೋಡು ತೆಗೆದಳು, ಕಣ್ಣು ನೇರ ಅಲ್ಲಿಗೇ ಹೋಯಿತು, ರೋ ಅಳಿಸಿ ರಿಸಲ್ಟ್ ಅಂತ ಒತ್ತಿದಳು, ಕೆಳಗೆ ಒಬ್ಬೊಬ್ಬರಿಗೂ ಹೋಗುವ ಹಾಗೆ ಒಂದು ಸುತ್ತು ಬರೆದಳು, ಮುಗಿಯಿತು, ಆರಲು ಇಟ್ಟ ಚಹಾದ ಮೇಲೆ ಕೆನೆ ಕಟ್ಟುವುದರೊಳಗೆ ಮುಗಿಯಿತು. ಇಷ್ಟು ಸಣ್ಣದು. ದೊಡ್ಡ ತಪ್ಪಾಗಿದ್ದರೆ ಒಂದು ಥರ ಮರ್ಯಾದೆಯಾದರೂ ಇರುತ್ತಿತ್ತು. ಗುರುರಾಜ ಸರ್ ಬಾಗಿಲು ಹಾಕಿ ಮೆಲ್ಲಗೆ ಮಾತಾಡಿದರು, ಟವರ್ ಹೋಗಿತ್ತು ಅನ್ರಿ, ಮಳಿಯೊಳಗ ಟವರ್ ಹೋಗೂದು ಎಲ್ಲಾರಿಗೂ ಗೊತ್ತು, ಯಾರೂ ಏನೂ ಕೇಳೂದಿಲ್ಲ, ನಿಮ್ಮ ಮುಂದಿನ ಜೀವನಾನೂ ನೋಡಬೇಕಲ್ಲಾ. ಆಗಲಿ ಸರ್ ಅಂದಳು. ಸಂಘದವರು ಕೇಳಿದಾಗ ಟವರ್ ಹೋಗಿತ್ರಿ ಅಂದಳು, ಧ್ವನಿ ಸ್ವಲ್ಪವೂ ನಡುಗಲಿಲ್ಲ. ಆದರೆ ಟವರ್ ಹೋಗಿದ್ದರೆ ಅಮಸಿದ್ದಪ್ಪನ ಫೋನಿಗೆ ಹೆಂಗ ಬಂತು, ಊರು ಕೇಳಿತು, ಮಗಳು ಬೇರೆ ದಾರಿಯಿಂದ ಅಪ್ಪಗಷ್ಟ ಹೇಳ್ಯಾಳ, ಇಲ್ಲಾ ಅವಗ ಬಂದದ್ದನ್ನ ಅವ ಮುಚ್ಚಿಟ್ಟಾನ. ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಿನ್ನೆ ಗುರುಪಾದ ಫೋನಿನಲ್ಲಿ ಅತ್ತ, ನಾಳಿ ಗುಡಿ ಕಟ್ಟಿಗೆ ಹಿರ್ಯಾರು ಕೂಡತಾರ ಅಕ್ಕಾ, ನಮ್ಮ ಹಟ್ಟಿ ಬ್ಯಾರೆ ಮಾಡತಾರಂತ, ಮೇವಿಗೆ ಹೋಗೂ ಮುಂದ ಅಪ್ಪನ ಜೋಡಿ ಯಾರೂ ಬರೂದಿಲ್ಲಂತ, ಅಪ್ಪ ಉಣ್ಣವೊಲ್ಲ.

ಬಸ್ಸು ನಿಂತಿತು. ಎದ್ದಳು, ಮುದುಕಿ ತುಬಚಿ ಇನ್ನೂ ಮುಂದೈತವ್ವಾ ಅಂದಳು, ಇಲ್ಲಬೇ, ನಂದು ಇದ ಊರು, ಆ ಒಬ್ಬಂವ ನಮ್ಮಪ್ಪ ಅಂದಳು, ಮುದುಕಿಯ ಮುಖ ನೋಡದೆ ಇಳಿದಳು, ಕಾಲಿಗೆ ಕೆಸರು, ಗೋಡೆಗಳ ಮೇಲೆ ಎದೆಯೆತ್ತರಕ್ಕೆ ನೀರಿನ ಗುರುತು, ಗುಡಿಯ ಕಟ್ಟೆ, ಬಸಗೊಂಡಪ್ಪ ನಡುವೆ, ಅಪ್ಪ ಕೆಳಗೆ ನೆಲದ ಮೇಲೆ, ಯಾವತ್ತೂ ಕಟ್ಟೆಯ ಮೇಲೆ ಕೂರುವವನು ನೆಲದ ಮೇಲೆ, ಟೊಪ್ಪಿಗೆ ತೆಗೆದು ಮೊಳಕಾಲಿಗೆ ಹಾಕಿಕೊಂಡಿದ್ದಾನೆ. ನೀ ಯಾಕ ಬಂದಿ, ಮನೀಗೆ ನಡಿ ಅಂದ ಅಪ್ಪ. ಅವಳು ಹೋಗಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳು ಒಂದೂ ಬರಲಿಲ್ಲ, ಬಾಯಿಗೆ ಬಂದದ್ದಿಷ್ಟೇ, ಎಲ್ಲಾರನ್ನೂ ಕರೀ ಅಂತ ಬರೀಬೇಕಿತ್ತು, ನಾ ಒಬ್ಬರನ್ನ ಕರೀ ಅಂತ ಬರದೆ, ಮೊದಲ ಬರದ ಹೆಸರು ನಮ್ಮಪ್ಪಂದಿತ್ತು, ಅದಕ್ಕ ಅವಗೊಬ್ಬಗ ಬಂತು, ಟವರ್ ಹೋಗಿರಲಿಲ್ರಿ, ಅದೂ ನಾ ಹೇಳಿದ ಸುಳ್ಳ, ಅಪ್ಪಗ ಏನೂ ಗೊತ್ತಿಲ್ಲ. ಬಸಗೊಂಡಪ್ಪ ಹಂಗಂದ್ರ ತಪ್ಪು ನಿಂದು ಅಂದ. ಹೌದ್ರಿ ನಂದು. ಅಪ್ಪ ತಲೆಯೆತ್ತಿದ, ಅವಳನ್ನೇ ನೋಡಿದ, ನೀ ಬೇಕಂತ ಮಾಡಿದ್ದಲ್ಲೇನು ಅಂದ, ಮೆಲ್ಲಗೆ, ಮನಿ ಮ್ಯಾಲಿನ ಜೀವಕ್ಕ ನಮಗಷ್ಟ ಕಳಿಸಿರಬೇಕು ಅಂತ ತಿಳಿದಿದ್ದೆ, ನಿನ್ನ ಹೆಸರು ಬರಬಾರದಂತ ಸುಮ್ಮಿದ್ದೆ — ಅಂದರೆ ಇಷ್ಟು ದಿನ ಅಪ್ಪ ಹೊತ್ತುಕೊಂಡು ಕೂತದ್ದು ಅವಳನ್ನು, ಅವಳು ಜಮಖಂಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಟವರ್ ಟವರ್ ಅನ್ನುತ್ತಿದ್ದಳು. ಬಸಗೊಂಡಪ್ಪ ಎದ್ದ, ಅಮಸಿದ್ದಪ್ಪನ ಮಾತು ಇಲ್ಲಿಗೆ ಆತು, ಹಟ್ಟಿ ಮೊದಲ ಹ್ಯಾಂಗಿತ್ತು ಹಂಗ ಇರಲಿ, ಮೇಲೆ ಬಾರೋ ಅಂತ ಅಪ್ಪನ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದ. ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಅನಸವ್ವ ಕೂಡ. ಒಬ್ಬರಾದರೂ ಬೈದಿದ್ದರೆ, ಒಂದು ಹಿಡಿ ಕೆಸರು ತೆಗೆದು ಒಗೆದಿದ್ದರೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು, ಅವರು ಕಣ್ಣು ತಪ್ಪಿಸಿ ಒಬ್ಬೊಬ್ಬರೇ ಎದ್ದು ಹೋದರು.

ಹಾಲಸಿದ್ದಪ್ಪ ಮಾತ್ರ ಹೋಗಲಿಲ್ಲ. ಕಂಬದ ಹಿಂದಿನಿಂದ ಬಂದ, ಅಂಗೈಗಳಲ್ಲಿ ಜಾಲಿಮುಳ್ಳು ಗೀರಿದ ಗಾಯ ಇನ್ನೂ ಹಸಿ, ಬನಿಯನ್ನಿನ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದ, ಚೀಲದೊಳಗಿಂದ ಫೋನು. ಹಂಗಾರ ನನಗ ಬಂದೇ ಇಲ್ಲಂತೀಯಾ ಯವ್ವಾ. ಇಲ್ಲ ಕಾಕಾ ಅಂದಳು. ಬಂದಿತ್ತು, ನನಗ ಓದಾಕ ಬರಲಿಲ್ಲಂತ ಕುರಿ ಕಳಕೊಂಡೆ ಅಂತ ನಾ ತಿಳಿದೀನಿ, ಆವತ್ತ ಮಧ್ಯಾನ ಒಮ್ಮೆ ಸದ್ದ ಮಾಡಿತ್ತು, ನಾ ಮರಿಗೆ ಹಾಲ ಕುಡಸಾಕತ್ತಿದ್ದೆ, ಆಮ್ಯಾಲ ನೋಡೂಣು ಅಂತ ಬಿಟ್ಟೆ, ಯಾವುದೂ ಅಳಿಸಿಲ್ಲ, ಎಲ್ಲಾ ಹಂಗ ಇಟ್ಟೀನಿ, ಒಂದ ಸಲ ನೀನ ನೋಡು, ನೀನ ಮಾಡಿದಾಕಿ, ನಿನಗ ಗೊತ್ತಾಗತೈತಿ. ಅವಳು ಇಲ್ಲ ಕಾಕಾ, ಬಂದಿಲ್ಲ, ನಿನ್ನ ತಪ್ಪಲ್ಲ ಅಂದಳು, ಮತ್ತೆ ಅಂದಳು, ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ, ಫೋನನ್ನು ಇನ್ನಷ್ಟು ಮುಂದೆ ಚಾಚಿದ, ನೋಡಿದಳು, ಹಾಡಿನ ರಿಂಗ್‌ಟೋನ್ ಹಾಕಿಸಿಕೊಳ್ಳಿ, ರೀಚಾರ್ಜ್ ಮಾಡಿಸಿಕೊಳ್ಳಿ, ಕ್ರಿಕೆಟ್ ಸ್ಕೋರಿಗೆ ಇದನ್ನು ಒತ್ತಿ, ಆ ಮಧ್ಯಾಹ್ನದ್ದು, ಅದೂ ರಿಂಗ್‌ಟೋನಿನದೇ, ಕಂಪನಿಯವರು ಎಲ್ಲರಿಗೂ ಕಳಿಸಿದ್ದು, ಅದು ಮಾತ್ರ ಎಲ್ಲರಿಗೂ ಬಂದಿದೆ, ಪರದೆಯ ಬೆಳಕು ಆರಿತು, ಅವನು ಗಾಯದ ಹೆಬ್ಬೆರಳಿನಿಂದ ಒತ್ತಿದ, ಹೊತ್ತಿತು, ಇದೇನು ನೋಡು, ಇದಲ್ಲ ಕಾಕಾ, ಇದು, ಇದೂ ಅಲ್ಲ, ಬೆಳಕು ಆರಿತು, ಒತ್ತಿದ, ಹೊತ್ತಿತು, ಅಂಗೈಯ ಮೇಲೆ ಆ ಸಣ್ಣ ಬೆಳಕು, ಸುತ್ತ ಹಸಿ ಗೀರುಗಳು, ಆರುತ್ತದೆ, ಒತ್ತುತ್ತಾನೆ, ಇದೇನವ್ವಾ, ಆರುತ್ತದೆ, ಒತ್ತುತ್ತಾನೆ, ಅಂಗೈ ಅಲ್ಲೇ ಇದೆ, ಚಾಚಿದ್ದು