ಪ್ರಾರ್ಥನೆಯ ಕೊನೆಯ ಹೆಸರು

ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಕಾಲುಚೀಲವನ್ನು ಎಸ್ತೇರಮ್ಮ ಎಳೆದು ಸರಿಮಾಡುತ್ತಿದ್ದಾಗ, ಗಾಜಿನ ಬಳೆ ತೊಟ್ಟ ಇನ್ನೊಂದು ಕೈ ಬಂದು ಅದೇ ಕಾಲನ್ನು ಹಿಡಿದುಕೊಂಡಿತು. ತಲೆಯೆತ್ತಿದರೆ, ಹಣೆತುಂಬ ವಿಭೂತಿ ಬಳಿದುಕೊಂಡ, ಐವತ್ತು ದಾಟಿದ ಹೆಂಗಸು. ಸಂಬಂಧವಿಲ್ಲದವರ ಸಾವಿಗೆ ಯಾರೂ ಹಾಗೆ ಬಿಕ್ಕಿ ಬಿಕ್ಕಿ ಅಳುವುದಿಲ್ಲ.

"ಯಾರಮ್ಮ ನೀವು?"

"ನಿಟ್ಟೂರ್ನೋಳು ಕಣವ್ವ. ಶಿವರುದ್ರಮ್ಮ ಅಂತ."

ಎಸ್ತೇರಮ್ಮನ ಅಳು ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ನಾದಿನಿ ಸುಶೀಲ ಕಿವಿಯ ಹತ್ತಿರ ಬಗ್ಗಿದಳು. "ಅತ್ತಿಗೆ, ಅದೇ ಹೆಸ್ರಲ್ವಾ? ಎಷ್ಟು ಧೈರ್ಯ ನೋಡಿ, ಮನೆಗೇ ಬಂದವ್ಳೆ."

*

ಮರಳೂರಿನ ಆ ಮನೆಯಲ್ಲಿ ದಿನಾ ಸಂಜೆ ಕುಟುಂಬ ಪ್ರಾರ್ಥನೆ. ಡಿಪೋದಲ್ಲಿ ಬಸ್ಸು ರಿಪೇರಿ ಮಾಡಿ ಬಂದ ಜ್ಞಾನಮಿತ್ರ ಕೈಯ ಗ್ರೀಸು ತೊಳೆದುಕೊಂಡು ಚಾಪೆಯ ಮೇಲೆ ಮೊಣಕಾಲೂರುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಗೆ ತಲೆನೋವೆಂದರೆ ತಾನೇ ಸೌಟು ಹಿಡಿಯುವವನು. ಅಂಥವನು, ಮಗಳು ಸುವಾರ್ತಾ ಹುಟ್ಟಿದ ವರ್ಷದಿಂದ, ಮನೆಯವರನ್ನೆಲ್ಲ ಹೆಸರು ಹಿಡಿದು ದೇವರಿಗೆ ಒಪ್ಪಿಸಿದ ಮೇಲೆ, "ನಿಟ್ಟೂರಿನ ಶಿವರುದ್ರಮ್ಮನನ್ನು ಕಾಪಾಡು ಸ್ವಾಮಿ" ಎನ್ನುತ್ತಿದ್ದ. ಆಗೆಲ್ಲ ಎಸ್ತೇರಮ್ಮ ಕಣ್ಣು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.

"ಯಾರ್ರೀ ಅವ್ಳು?" ಎಂದು ಕೇಳಿಯೂ ಇದ್ದಳು.

"ನಮಗೆ ಬೇಕಾದೋರು ಕಣೇ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಹೊಟ್ಟೆಕಿಚ್ಚಿಗೆ ಇದಕ್ಕಿಂತ ಏನು ಬೇಕು? ಪ್ರತಿ ಕ್ರಿಸ್‌ಮಸ್ಸಿಗೂ ಕೇಕಿನ ಡಬ್ಬಿ ಗಂಡನ ಜೊತೆ ನಿಟ್ಟೂರಿನ ಬಸ್ಸು ಹತ್ತುತ್ತಿತ್ತು. ಬರುವಾಗ ಅದರ ತುಂಬ ಸೊಗಡಿನ ಅವರೆಕಾಯಿ. ಎಸ್ತೇರಮ್ಮ ಒಂದೊಂದು ಕಾಳನ್ನೂ ಆ ಹೆಂಗಸಿನ ಕುತ್ತಿಗೆಯೆಂದೇ ಹಿತುಕಿ, ಸಾರು ಮಾಡಿ, ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು. ಸಾರೇನು ಪಾಪ ಮಾಡಿತ್ತು?

*

ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಶಿವರುದ್ರಮ್ಮನನ್ನು ಕರೆದೊಯ್ದು ಎಸ್ತೇರಮ್ಮ ಕೇಳಿದಳು: "ಇವತ್ತಾದ್ರೂ ನಿಜ ಹೇಳು. ನನ್ ಗಂಡನಿಗೂ ನಿಂಗೂ ಏನು?"

ಶಿವರುದ್ರಮ್ಮ ಕಣ್ಣೊರೆಸಿಕೊಂಡಳು. "ದೊಡ್ಡಾಸ್ಪತ್ರೇಲಿ ನಿನ್ ಪಕ್ಕದ ಮಂಚ ನಂದು. ನನ್ ಕೂಸು ಹುಟ್ತಾನೇ ಹೋಗಿತ್ತು. ನಿಂಗೆ ಜ್ವರ ನೆತ್ತಿಗೇರಿ ಗ್ಯಾನ ಇರ್ಲಿಲ್ಲ. ನಿನ್ ಮಗು ಹಸ್ಕೊಂಡು ಬಡ್ಕೊಳ್ಳೋದು, ಜ್ಞಾನಮಿತ್ರಣ್ಣ ಎತ್ಕೊಂಡು ಅಳ್ತಾ ನಿಂತಿದ್ರು. ನಾನೇ ಈಸ್ಕೊಂಡು ಹಾಲು ಕುಡಿಸ್ದೆ."

"ಕತೆ ಕಟ್ಬೇಡ. ಹಂಗಿದ್ರೆ ನಂಗ್ಯಾಕೆ ಹೇಳ್ಲಿಲ್ಲ ಅವ್ರು?"

"ಬ್ಯಾಡ ಅಂತ ನಾನೇ ಮಾತು ಈಸ್ಕೊಂಡಿದ್ದೆ. ಬೇರೆಯೋಳ ಹಾಲು ಕುಡೀತು ಅಂದ್ರೆ ಹೆತ್ತೋಳು ನೊಂದ್ಕತಾಳೆ ಅಂತ."

ಎಸ್ತೇರಮ್ಮ ನಂಬಲಿಲ್ಲ. ಸತ್ತವನು ಎದ್ದು ಬಂದು ಸಾಕ್ಷಿ ಹೇಳುತ್ತಾನೆಯೇ? ಅಷ್ಟರಲ್ಲಿ ಒಳಗಿನಿಂದ ಸುವಾರ್ತಾಳ ಅಳು ಕೇಳಿಸಿತು. ಶಿವರುದ್ರಮ್ಮ ಅತ್ತ ತಿರುಗಿ, ತನ್ನಷ್ಟಕ್ಕೇ ಎಂಬಂತೆ, "ಬಲಗಡೇನೇ ಆಗ್ಬೇಕಿತ್ತು ಅದ್ಕೆ. ಎಡಗಡೆಗೆ ಹಾಕ್ಕೊಂಡ್ರೆ ಮುಷ್ಟಿ ಕಟ್ಕೊಂಡು ಕಿರುಚೋದು" ಎಂದಳು.

ಎಸ್ತೇರಮ್ಮ ತಿರುಗಿ ಅವಳ ಮುಖ ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮಗು ಎಡಗಡೆ ಬಾಯಿಡದೆ, ಹಾಲು ಕಟ್ಟಿಕೊಂಡು ತಾನು ನರಳಿದ್ದು ತೀರಿಹೋದ ತಾಯಿಗೆ ಬಿಟ್ಟರೆ ಯಾರಿಗೂ ತಿಳಿಯದು. ನಾಚಿಕೆಗೆ ಗಂಡನಿಗೂ ಹೇಳಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡ ಗಂಡನನ್ನು, ಅದೂ ಪ್ರಾರ್ಥನೆಯ ಹೊತ್ತಿನಲ್ಲಿ, ಕಳ್ಳನನ್ನು ನೋಡುವ ಹಾಗೆ ನೋಡಿದೆನಲ್ಲ ಎಂದು ಅವಳಿಗೆ ತಡೆಯಲಾರದ ಸಂಕಟವಾಯಿತು.

"ಪೆಟ್ಟಿಗೆ ಮುಚ್ಚೋ ಹೊತ್ತಾಯ್ತಮ್ಮ," ಎಂದು ಸಭಾಪಾಲಕರು ಕರೆದರು. "ಮನೆಯವರು ಯಾರಾದ್ರೂ ಪ್ರಾರ್ಥನೆ ಮಾಡಿ."

ಎಸ್ತೇರಮ್ಮ ಹೋಗಿ ಮಗಳ ಬಲಗಡೆಗೆ ನಿಂತಳು. ಹಿಂದೆಯೇ ಬಂದ ಶಿವರುದ್ರಮ್ಮ ಸುಶೀಲಳ ಮುಖ ನೋಡಿ ಬಾಗಿಲಲ್ಲೇ ಉಳಿದಳು. ಎಲ್ಲರೂ ಕಣ್ಣು ಮುಚ್ಚಿದರು. ಸುವಾರ್ತಾ ಅಪ್ಪನ ಮಾತಿನಲ್ಲೇ ಪ್ರಾರ್ಥಿಸುತ್ತ ಒಬ್ಬೊಬ್ಬರ ಹೆಸರನ್ನೂ ಹೇಳಿದಳು. ಕೊನೆಯ ಹೆಸರಿಗೆ ಬಂದಾಗ ಮಾತ್ರ ತಾಯಿಗೆ ಹೆದರಿ ತಡೆದಳು.

"ನಿಟ್ಟೂರಿನ ಶಿವರುದ್ರಮ್ಮ," ಎಂದಳು ಎಸ್ತೇರಮ್ಮ, ಗಟ್ಟಿಯಾಗಿ.

"ಆಂ, ಬಂದೆ ಕಣವ್ವ," ಎಂದು ಬಾಗಿಲಿನಿಂದ ಉತ್ತರ ಬಂತು.

ಆ ಮನೆಯಲ್ಲಿ ದಿನಾ ಸಂಜೆ ತನ್ನ ಹೆಸರು ಹೇಳುತ್ತಿದ್ದರೆಂದು ಅವಳಿಗೇನು ಗೊತ್ತು! ಕರೆದರೆಂದುಕೊಂಡು ಸೆರಗು ಹೊದ್ದು, ಕಣ್ಣು ಮುಚ್ಚಿ ನಿಂತವರ ನಡುವೆ ದಾರಿ ಮಾಡಿಕೊಂಡು ಬಂದಳು. ಎಸ್ತೇರಮ್ಮ ಮಗಳ ಎಡಗಡೆಗೆ ಸರಿದು, ಬಲಗಡೆಯ ಜಾಗವನ್ನು ಅವಳಿಗೆ ಬಿಟ್ಟಳು.