ಮೂರು ತಾಸಿನ ಊರು

ಶುಕ್ರವಾರ ಸಂಜೆ ಡೈಮಂಡ್ ಬಾರ್ ಎಂಬ ಅಮೆರಿಕದ ಊರಿನಲ್ಲಿ ಮಗಳ ಮನೆಯಲ್ಲಿ ಊಟಕ್ಕಿಂತ ಮೊದಲು ಊರುಗಳನ್ನು ಬಡಿಸಲಾಯಿತು. ಮೊಮ್ಮಗಳು ವೈಷ್ಣವಿ ಲ್ಯಾಪ್‌ಟಾಪ್ ತೆರೆದು, ಲಾಸ್ ಏಂಜಲೀಸಿನಿಂದ ಬೆಳಿಗ್ಗೆ ರೈಲು ಹತ್ತಿ ಅದೇ ದಿನ ಮರಳಬಹುದಾದ ಜಾಗಗಳನ್ನು ತೋರಿಸುತ್ತಿದ್ದಳು. ಸಾಂಟಾ ಬಾರ್ಬರಾದಲ್ಲಿ ಗುಡ್ಡವೂ ದಂಡೆಯೂ ಇದ್ದವು, ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊದಲ್ಲಿ ಹಳೆಯ ಚರ್ಚು, ಸ್ಯಾನ್ ಡಿಯಾಗೊದಲ್ಲಿ ಬಂದರು.

ಅಜ್ಜ ವೀರಭದ್ರಪ್ಪನವರಿಗೆ ಮೂರೂ ಬೇಕಿರಲಿಲ್ಲ. ಹುಬ್ಬಳ್ಳಿಯಲ್ಲಿ ಮೂವತ್ತಾರು ವರ್ಷ ರೈಲು ಗಾರ್ಡ್ ಆಗಿದ್ದು ನಿವೃತ್ತರಾದ ಅವರಿಗೆ ಈ ದೇಶದಲ್ಲಿ ಹಿಡಿಸಿದ್ದು ಒಂದೇ ಜಾಗ, ಫುಲರ್ಟನ್ ಸ್ಟೇಷನ್ನಿನ ಬೆಂಚು. ಎರಡು ಶನಿವಾರ ಅಲ್ಲೇ ಕೂತು, ಹಾದುಹೋಗುವ ಗೂಡ್ಸ್ ಗಾಡಿಗಳ ಡಬ್ಬಿ ಎಣಿಸಿದ್ದರು.

"ಅಷ್ಟುದ್ದ ಗಾಡಿ, ಹಿಂದ ಗಾರ್ಡ್ ಡಬ್ಬೀನ ಇಲ್ಲ! ಯಾರು ನೋಡ್ಕೋತಾರ ಅದನ್ನ?" ಎಂದು ಮೂರನೆಯ ಶನಿವಾರಕ್ಕೂ ಕಾರಣ ಹುಡುಕುತ್ತಿದ್ದರು.

ಮಗಳು ಮಧುರಾ ಅಪ್ಪನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. "ಮುಂದಿನ ವಾರ ಫ್ಲೈಟ್ ಐತಿ, ಇದ ಕಡೀ ಶನಿವಾರ. ಅವ್ವಾ, ನೀ ಹೇಳು, ಎಲ್ಲಿಗೆ?"

ಗುರುಶಾಂತವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಎಲ್ಲಿಗೆ ಎಂದು ಆಕೆಯನ್ನು ಅದುವರೆಗೆ ಯಾರೂ ಕೇಳಿದ್ದಿಲ್ಲ. ಕೈಯೊರೆಸಿಕೊಂಡು ಬಂದು, "ಎಲ್ಲಾಕ್ಕಿಂತ ಹೆಚ್ಚು ಹೊತ್ತು ಗಾಡ್ಯಾಗ ಕುಂದ್ರೂದು ಯಾವ ಊರಿಗೆ?" ಎಂದಳು.

"ಸ್ಯಾನ್ ಡಿಯಾಗೊ. ಬಟ್ ಅಜ್ಜಿ, ದಟ್ಸ್ ತ್ರೀ ಅವರ್ಸ್!"

"ಮೂರು ತಾಸು? ಅದ ಇರಲಿ."

ಯಾಕೆ ಎಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆದರೆ ನಿಮಗೆ ಹೇಳಲು ನನಗೇನಡ್ಡಿ? ಗಾರ್ಡನ ಹೆಂಡತಿಯಾಗಿ ಪುಕ್ಕಟೆ ಪಾಸಿನ ಮೇಲೆ ಕಾಶಿಯಿಂದ ರಾಮೇಶ್ವರದವರೆಗೆ ತಿರುಗಿದ ಗುರುಶಾಂತವ್ವ ಒಂದೇ ಒಂದು ಸಲವೂ ಗಂಡನ ಪಕ್ಕದಲ್ಲಿ ಕೂತು ರೈಲು ಪ್ರಯಾಣ ಮಾಡಿರಲಿಲ್ಲ. ರಜೆ ಹಾಕಿ ಹೊರಟಾಗಲೂ ವೀರಭದ್ರಪ್ಪನವರು ಹೆಂಡತಿ ಮಗಳನ್ನು ಸೀಟಿನಲ್ಲಿ ಕೂರಿಸಿ, "ಗಾರ್ಡ್ ನಮ್ಮ ಹಾಲಪ್ಪ ಅದಾನ, ಮಾತಾಡ್ಸಿ ಬರ್ತೀನಿ" ಎಂದು ಹಿಂದಿನ ಡಬ್ಬಿಗೆ ಹೋದರೆ, ಮತ್ತೆ ಮುಖ ತೋರಿಸುತ್ತಿದ್ದದ್ದು ಇಳಿಯುವ ಊರಿನಲ್ಲಿ. ಬುತ್ತಿಯನ್ನು ಎರಡು ಪಾಲು ಕಟ್ಟಿ ಕಟ್ಟಿ ಆಕೆಗೆ ಸಾಕಾಗಿತ್ತು. ಈ ಸಲ ಒಂದೇ ಗಂಟು ಕಟ್ಟಿದಳು: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ.

ಬೆಳಿಗ್ಗೆ ಲಾಸ್ ಏಂಜಲೀಸಿನ ಯೂನಿಯನ್ ಸ್ಟೇಷನ್ನಿಗೆ ಗಾಡಿಗಿಂತ ಒಂದೂವರೆ ತಾಸು ಮೊದಲೇ ಬಂದರು. ಮಗಳು ಇಬ್ಬರನ್ನೂ ಬಿಟ್ಟು ಮನೆಗೆ ಹೋದಳು. ರೈಲು ಎರಡಂತಸ್ತಿನದು. ಮೇಲಿನ ಅಂತಸ್ತಿನಲ್ಲಿ, ಸಮುದ್ರ ಕಾಣುವ ಬಲಗಡೆ, ಕಿಟಕಿ ಪಕ್ಕ ಗುರುಶಾಂತವ್ವ ಕೂತಳು. ಅವಳ ಪಕ್ಕ ಗಂಡ ಕೂತರು. ಆ ಸುಖ ಮೊದಲ ಸ್ಟೇಷನ್ ಬರುವವರೆಗೆ ಇತ್ತು.

ಗಾಡಿ ನಿಂತದ್ದೇ ತಡ, ವೀರಭದ್ರಪ್ಪನವರ ಕಾಲು ನೆಟ್ಟಗಾದವು. ಮೆಟ್ಟಿಲಿಳಿದು ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿ ಬಂದರು. ಆನಹೈಮಿನಲ್ಲೂ ಅದೇ, ಅರ್ವೈನಿನಲ್ಲೂ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗುರುಶಾಂತವ್ವ ಬಾಯಿ ಮುಚ್ಚಿಕೊಂಡಳು. ಇನ್ನೇನು ಸಮುದ್ರ ಬರುತ್ತದೆ, ಆಗ ಬುತ್ತಿ ಬಿಚ್ಚಬೇಕು, ಆಗಾದರೂ ಕೂರುತ್ತಾರೆ ಎಂದು ಕಾಯುತ್ತಿದ್ದಳು.

ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊದಲ್ಲಿ ಅವರು ಬಾಗಿಲಲ್ಲಿ ನಿಲ್ಲದೆ ಪ್ಲಾಟ್‌ಫಾರ್ಮಿಗೇ ಇಳಿದರು. ಆಕೆ ಕಿಟಕಿಯಿಂದ ನೋಡುತ್ತಲೇ ಇದ್ದಳು. ಮೊದಲು ಗಾಡಿಯ ಬಾಲ, ಆಮೇಲೆ ಮೂತಿ ನೋಡಿ, ಹತ್ತುವವರೆಲ್ಲ ಹತ್ತಿದರೆಂದು ಖಾತ್ರಿ ಮಾಡಿಕೊಂಡು, ಜೇಬಿನಿಂದ ಹಸಿರು ಕರವಸ್ತ್ರ ತೆಗೆದು ಗಂಭೀರವಾಗಿ ಬೀಸಿದರು. ಗಾರ್ಡ್ ಆದವನು ಬಾವುಟ ತೋರಿಸಿ, ಗಾಡಿ ಅಲುಗಿದ ಮೇಲೆ ತನ್ನ ಡಬ್ಬಿ ಹತ್ತುವುದು ರೂಢಿ. ಆದರೆ ಈ ಗಾಡಿಯ ಬಾಗಿಲು ಮೊದಲು ಮುಚ್ಚಿತು, ಆಮೇಲೆ ಗಾಡಿ ಅಲುಗಿತು. ತಾನೇ ಬಾವುಟ ಬೀಸಿ ಬಿಟ್ಟ ಗಾಡಿ ತನ್ನನ್ನು ಬಿಟ್ಟು ಹೋಗುವುದನ್ನು ವೀರಭದ್ರಪ್ಪನವರು ಬಾಯಿ ತೆರೆದು ನೋಡುತ್ತ ನಿಂತರು.

ಎರಡು ನಿಮಿಷಕ್ಕೆ ಫೋನು ಬಂತು. "ಏ, ಕೇಳಿಲ್ಲಿ. ಗಾಡಿ ಹೋತು."

"ನೀವ ಬಿಟ್ಟೀರಲ್ರೀ! ನಾ ನೋಡೇನಿ."

"ಮುಂದಿನ ಸ್ಟೇಷನ್ ಓಷನ್‌ಸೈಡ್. ಅಲ್ಲಿ ಇಳಿ. ಹಿಂದ ಬರೂ ಗಾಡಿಗೆ ಬರ್ತೀನಿ. ಮಧುರಾಗ ಹೇಳಬ್ಯಾಡ."

ಫೋನಿಟ್ಟಾಗಲೇ ಸಮುದ್ರ ಬಂತು. ಹಳಿಯ ಬುಡಕ್ಕೇ ಬಂದು ನೊರೆ ಚೆಲ್ಲುವ, ಕಣ್ಣಿಗೆ ಮುಗಿಯದ ನೀಲಿ. ಗುರುಶಾಂತವ್ವನಿಗೆ ಅಳು ಬಂತು. ಹೆದರಿಕೆಯಿಂದಲ್ಲ, ಒಬ್ಬಳೇ ಪ್ರಯಾಣ ಮಾಡುವುದರಲ್ಲಿ ಆಕೆ ಪಳಗಿದವಳು. ಪಕ್ಕದ ಸೀಟು ಇವತ್ತೂ ಖಾಲಿಯಾಯಿತಲ್ಲ ಎಂಬ ಸಿಟ್ಟಿಗೆ ಬಂದ ಅಳು ಅದು.

ಓಷನ್‌ಸೈಡಿನ ಬೆಂಚಿನ ಮೇಲೆ ಎರಡು ತಾಸು ಕೂತಳು. ಹೊಟ್ಟೆ ಹಸಿದರೂ ಗಂಟು ಬಿಚ್ಚಲಿಲ್ಲ. ಕೂತಲ್ಲೇ ಆ ಹಸಿರು ಕರವಸ್ತ್ರ ಬೀಸಿದ ಗಾಂಭೀರ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿ, ಸಿಟ್ಟಿನ ನಡುವೆಯೇ ನಗು ನುಗ್ಗಿ ಬಂತು. ಹಿಂದಿನ ಗಾಡಿ ಬಂದು ವೀರಭದ್ರಪ್ಪನವರು ಬಾಗಿಲಲ್ಲಿ ಕಾಣಿಸುವ ಹೊತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವರ ಮುಖ ಮಾತ್ರ ಹುಳ್ಳಗಾಗಿತ್ತು.

"ಇಲ್ಲಿಂದನ ವಾಪಸ್ ಹೋಗೂಣೇನು?" ಎಂದರು ಇಳಿಯುತ್ತ.

"ಹತ್ರಿ ಮ್ಯಾಲ! ನನ್ನ ಮೂರು ತಾಸು ಇನ್ನೂ ಮುಗಿದಿಲ್ಲ."

ಅದೇ ಗಾಡಿಗೆ ಅವರನ್ನು ತಿರುಗಿ ಹತ್ತಿಸಿ ತಾನೂ ಹತ್ತಿದಳು. ಬಲಗಡೆ ಜೋಡಿ ಸೀಟು ಖಾಲಿ ಇತ್ತು. ವೀರಭದ್ರಪ್ಪನವರು ಹಿಂದೆ ಸರಿದು ಹೆಂಡತಿಗೆ ಕಿಟಕಿ ಬಿಟ್ಟುಕೊಟ್ಟರು.

"ನೀವ ಒಳಗ ಕುಂದರ್ರಿ," ಎಂದಳು ಗುರುಶಾಂತವ್ವ.

"ನಿನಗ ಕಿಟಕಿ ಬ್ಯಾಡೇನು?"

"ಕಿಟಕಿ ಯಾರಿಗೆ ಬೇಕಾಗಿತ್ತು? ಮೂವತ್ತಾರು ವರ್ಷ ನೀವು ಹಿಂದಿನ ಡಬ್ಬ್ಯಾಗ, ನಾ ಮುಂದಿನ ಡಬ್ಬ್ಯಾಗ. ಇವತ್ತು ನಿಮ್ಮದ ಒಂದು ಗಾಡಿ, ನಂದ ಒಂದು ಗಾಡಿ ಆತು. ಬಾಜೂ ಕೂತು ಒಂದ ಸಲ ಹೋಗಬೇಕು ಅಂತ ಈ ಊರು ಆರಿಸಿದ್ದೆ."

ವೀರಭದ್ರಪ್ಪನವರು ಕಿಟಕಿಗೆ ಸರಿದು ಕೂತರು. ಆಕೆ ಹೊರಗಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ಅವರ ತೊಡೆಯ ಮೇಲಿಟ್ಟಳು. ಆಮೇಲೆ ಅವರ ಜೇಬಿಗೆ ಕೈಹಾಕಿ ಹಸಿರು ಕರವಸ್ತ್ರ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಂದು ರೊಟ್ಟಿ ಮುಗಿಯುವವರೆಗೆ ಅವರು ಹೊರಗೇ ನೋಡುತ್ತಿದ್ದರು. "ಹಿಂದಿನ ಡಬ್ಬ್ಯಾಗ ನಿಂತ್ರ ದಾಟಿ ಹೋದ ಊರಷ್ಟ ಕಾಣತಿದ್ವು," ಎಂದರು ಮೆಲ್ಲಗೆ. "ನೀ ಹೇಳಬೇಕಾಗಿತ್ತು, ಬಾಜೂ ಬಂದು ಕುಂದರ್ರಿ ಅಂತ."

"ಕೇಳಬೇಕಾಗಿತ್ತು ನೀವು."

"ಹೌದು. ನಂದ ತಪ್ಪು."

ಸೊಲಾನಾ ಬೀಚಿನಲ್ಲಿ ಗಾಡಿ ನಿಂತಿತು. ವೀರಭದ್ರಪ್ಪನವರ ಮೊಣಕಾಲು ತಾನಾಗಿಯೇ ಅಲುಗಿತು. ತೊಡೆಯ ಮೇಲೆ ರೊಟ್ಟಿ, ಪಕ್ಕದಲ್ಲಿ ಹೆಂಡತಿ, ಏಳಲು ದಾರಿಯಿಲ್ಲ. ಕತ್ತು ಉದ್ದ ಮಾಡಿ ಪ್ಲಾಟ್‌ಫಾರ್ಮ್ ನೋಡಿದರು.

"ಎಲ್ಲಾರೂ ಹತ್ತಿದ್ರೇನು?" ಎಂದು ಗುರುಶಾಂತವ್ವ ಕೇಳಿದಳು.

"ಹತ್ತಿದ್ರು."

ಆಕೆ ಸೊಂಟದಿಂದ ಕರವಸ್ತ್ರ ತೆಗೆದು, ಅವರ ಎದೆಯ ಮುಂದಿನಿಂದ ಕೈಚಾಚಿ, ಕಿಟಕಿಯ ಗಾಜಿಗೆ ಬೀಸಿದಳು. ಗಾಡಿ ಹೊರಟಿತು. ಬಾಯ್ತುಂಬ ರೊಟ್ಟಿ ಇಟ್ಟುಕೊಂಡ ವೀರಭದ್ರಪ್ಪನವರು ನಗಲು ಹೋಗಿ ಕೆಮ್ಮಿದರು. ಆಕೆ ಅವರ ಬೆನ್ನು ತಟ್ಟಿದಳು, ಮತ್ತೆ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.